ಶಿಕ್ಷೆಯಲ್ಲಿರುವ ತಂಡಕ್ಕೆ ಎಷ್ಟನೇ ಸ್ಥಾನ?

ಎಲ್ಲರಿಗೂ ನಮಸ್ಕಾರ.

ಹಾಕಿ ಎಂದೊಡನೆ ನಮ್ಮಲ್ಲಿ ಹಲವರ ಕಣ್ಣ ಮುಂದೆ ಬರುವುದು ಕೊಡಗಿನ ಮೈದಾನ, ಒಂದೊಂದು ಕುಟುಂಬವೂ ತನ್ನದೇ ತಂಡ ಕಟ್ಟಿಕೊಂಡು ಆಡುವ ಪಂದ್ಯಾವಳಿ. ಇಂದು ನಾನು ಮಾತನಾಡಲು ಬಂದಿರುವುದು ಅಮೆರಿಕದ ಕಾಲೇಜುಗಳ ಐಸ್ ಹಾಕಿಯ ಬಗ್ಗೆ. ಅದರಲ್ಲೂ ಒಂದೇ ಪ್ರಶ್ನೆ. ನಿಯಮ ಮೀರಿದ್ದಕ್ಕಾಗಿ ನಿಷೇಧಕ್ಕೆ ಒಳಗಾದ ತಂಡವೊಂದು ಆ ವರ್ಷ ಚೆನ್ನಾಗಿ ಆಡುತ್ತಿದ್ದರೆ, ವಾರವಾರದ ಶ್ರೇಯಾಂಕ ಪಟ್ಟಿಯಲ್ಲಿ ಅದಕ್ಕೆ ಜಾಗ ಕೊಡಬೇಕೇ? ಕೊಡಲೇಬೇಕು ಎಂಬುದು ನನ್ನ ನಿಲುವು. ಏಕೆ ಎಂದು ಹೇಳುತ್ತೇನೆ.

ಮೊದಲು ಪಟ್ಟಿ ಹೇಗೆ ಸಿದ್ಧವಾಗುತ್ತದೆ ಎಂದು ನೋಡೋಣ. ಕಾಲೇಜು ಹಾಕಿಯ ಸುದ್ದಿತಾಣವಾದ ಯುಎಸ್‌ಸಿಎಚ್‌ಒ ನಡೆಸುವ ಸಮೀಕ್ಷೆಯಲ್ಲಿ 50 ಮಂದಿ ಮತ ಹಾಕುತ್ತಾರೆ. ಅವರಲ್ಲಿ ತರಬೇತುದಾರರೂ ಇದ್ದಾರೆ, ಪತ್ರಕರ್ತರೂ ಇದ್ದಾರೆ. ವಾರಾಂತ್ಯದ ಪಂದ್ಯಗಳು ಮುಗಿದ ಮೇಲೆ ಪ್ರತಿಯೊಬ್ಬರೂ 20 ತಂಡಗಳ ಹೆಸರು ಬರೆಯಬೇಕು. ಮೊದಲನೆಯದಕ್ಕೆ 20 ಅಂಕ, ಎರಡನೆಯದಕ್ಕೆ 19, ಹೀಗೆ ಇಳಿಯುತ್ತಾ ಇಪ್ಪತ್ತನೆಯದಕ್ಕೆ ಒಂದು. ಈ ಪಟ್ಟಿಯಿಂದ ಯಾವ ತಂಡವೂ ರಾಷ್ಟ್ರೀಯ ಟೂರ್ನಿಗೆ ಹೋಗುವುದಿಲ್ಲ, ಇದು ಮುಖ್ಯ. ಆ ಟೂರ್ನಿಯ 16 ತಂಡಗಳ ಆಯ್ಕೆ ಬೇರೆಯೇ ದಾರಿಯಲ್ಲಿ ನಡೆಯುತ್ತದೆ. ಲೀಗ್ ಚಾಂಪಿಯನ್ನರಿಗೆ ನೇರ ಪ್ರವೇಶ, ಉಳಿದ ಸ್ಥಾನಗಳಿಗೆ ಗಣಿತದ ಸೂತ್ರ. ಸಮೀಕ್ಷೆ ಕೇಳುವುದು ಇಷ್ಟೇ: ಈ ವಾರ ಯಾರು ಎಷ್ಟು ಚೆನ್ನಾಗಿ ಆಡುತ್ತಿದ್ದಾರೆ?

ಈಗ ಅಲಾಸ್ಕಾಕ್ಕೆ ಬನ್ನಿ. 2007ರಿಂದ 2012ರವರೆಗೆ ಫೇರ್‌ಬ್ಯಾಂಕ್ಸ್‌ನ ಅಲಾಸ್ಕಾ ವಿಶ್ವವಿದ್ಯಾಲಯ ತನ್ನ ಕ್ರೀಡಾಪಟುಗಳ ಅರ್ಹತೆಯನ್ನು ಸರಿಯಾಗಿ ಪರಿಶೀಲಿಸಿರಲಿಲ್ಲ. ಓದಿನ ನಿಯಮಗಳ ಪ್ರಕಾರ ಆಡಬಾರದಿದ್ದವರು ಹಲವು ಕ್ರೀಡೆಗಳಲ್ಲಿ ಆಡಿದ್ದರು. ಹಣ ಕೊಟ್ಟು ಆಟಗಾರರನ್ನು ಕರೆತಂದ ಹಗರಣವಲ್ಲ ಇದು, ಕಚೇರಿಯ ಕಡತಗಳಲ್ಲಿ ಆದ ತಪ್ಪು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಎನ್‌ಸಿಎಎಯ ತೀರ್ಪು ಹೊರಬಿದ್ದದ್ದು 2014ರ ನವೆಂಬರ್‌ನಲ್ಲಿ. ಆ ಹೊತ್ತಿಗೆ ಋತು ಆರಂಭವಾಗಿತ್ತು, ಹುಡುಗರು ಮಂಜುಗಡ್ಡೆಗೆ ಇಳಿದಾಗಿತ್ತು. ಹಾಕಿ ತಂಡಕ್ಕೆ 2014-15ರ ಋತುವಿನ ಕೊನೆಯ ಟೂರ್ನಿಗಳಿಂದ ನಿಷೇಧ ಬಿತ್ತು. ಹಳೆಯ ಗೆಲುವುಗಳನ್ನೂ ದಾಖಲೆಯಿಂದ ತೆಗೆದರು. 2010ರಲ್ಲಿ ತಂಡ ರಾಷ್ಟ್ರೀಯ ಟೂರ್ನಿಯಲ್ಲಿ ಆಡಿದ್ದು ಕೂಡ ಅಳಿಸಿಹೋಯಿತು.

ಆ ವರ್ಷ ಹೊಸದಾಗಿ ತಂಡ ಸೇರಿದ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಕಾಲೇಜು ಹಾಕಿಗೆ ಬರುವವರು ಸಾಮಾನ್ಯವಾಗಿ ಜೂನಿಯರ್ ಲೀಗ್‌ನಲ್ಲಿ ಒಂದೆರಡು ವರ್ಷ ಆಡಿಯೇ ಬರುತ್ತಾರೆ. ಅವನಿಗೆ ಇಪ್ಪತ್ತು ಎಂದಿಟ್ಟುಕೊಳ್ಳೋಣ. ಕಡತದಲ್ಲಿ ಮೊದಲ ತಪ್ಪು ನಡೆದಾಗ ಅವನಿಗೆ ಹದಿಮೂರು. ಆಗ ಅವನು ತನ್ನೂರಿನಲ್ಲಿ ಸ್ಕೇಟ್ ಕಟ್ಟಿಕೊಂಡು ಆಡುತ್ತಿದ್ದ ಬಾಲಕ. ಟೂರ್ನಿಯ ಬಾಗಿಲು ಅವನಿಗೆ ಮುಚ್ಚಿತು. ಸಂಸ್ಥೆಗೆ ಶಿಕ್ಷೆ ಕೊಡಬೇಕೆಂದರೆ ಇದನ್ನು ತಪ್ಪಿಸುವುದು ಕಷ್ಟ, ಒಪ್ಪುತ್ತೇನೆ. ಆದರೆ ಅದರ ಮೇಲೆ, ಎಲ್ಲೋ ಕುಳಿತ ಮತದಾರನೊಬ್ಬ ಭಾನುವಾರ ರಾತ್ರಿ ತನ್ನ ಪಟ್ಟಿಯಿಂದಲೂ ಆ ಹೆಸರನ್ನು ಬಿಟ್ಟರೆ? ಆ ಅಧಿಕಾರವನ್ನು ಅವನಿಗೆ ಕೊಟ್ಟವರು ಯಾರು? ವಿಚಾರಣೆ ನಡೆಸಿದವನು ಅವನಲ್ಲ, ಸಾಕ್ಷ್ಯ ನೋಡಿದವನೂ ಅಲ್ಲ.

ಈ ಜಗಳ ಹಾಕಿಯಲ್ಲೇ ಹುಟ್ಟಿದ್ದಲ್ಲ. 1974ರಲ್ಲಿ ಕಾಲೇಜು ಫುಟ್‌ಬಾಲ್‌ನಲ್ಲಿ ಒಕ್ಲಹೋಮಾ ವಿಶ್ವವಿದ್ಯಾಲಯ ಶಿಕ್ಷೆಯಲ್ಲಿತ್ತು. ಆಡಿದ ಹನ್ನೊಂದೂ ಪಂದ್ಯಗಳನ್ನು ಗೆದ್ದಿತು. ಪತ್ರಕರ್ತರು ಮತ ಹಾಕುವ, ಎಪಿ ಸುದ್ದಿಸಂಸ್ಥೆಯ ಪಟ್ಟಿ ಅದನ್ನು ಮೊದಲ ಸ್ಥಾನದಲ್ಲಿ ಕೂರಿಸಿತು. ತರಬೇತುದಾರರ ಪಟ್ಟಿ, ಶಿಕ್ಷೆಯಲ್ಲಿರುವ ತಂಡಗಳನ್ನು ಪರಿಗಣಿಸುವುದಿಲ್ಲ ಎಂದು ಅದೇ ವರ್ಷ ನಿಯಮ ಮಾಡಿ, ಪಟ್ಟವನ್ನು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಕೊಟ್ಟಿತು. ಆ ತಂಡ ಒಂದು ಪಂದ್ಯ ಸೋತಿತ್ತು, ಒಂದನ್ನು ಸಮ ಮಾಡಿಕೊಂಡಿತ್ತು. ಒಂದೇ ವರ್ಷ, ಇಬ್ಬರು ಚಾಂಪಿಯನ್ನರು. ಪ್ರತಿಸ್ಪರ್ಧಿಯ ಹೆಸರನ್ನು ಪಟ್ಟಿಯಿಂದ ಕೈಬಿಟ್ಟರೆ, ಮತ ಹಾಕುವ ತರಬೇತುದಾರನ ಸ್ವಂತ ತಂಡವೇ ಒಂದು ಮೆಟ್ಟಿಲು ಮೇಲೇರುತ್ತದೆ. ಅವರ ಪ್ರಾಮಾಣಿಕತೆಯನ್ನು ನಾನು ಶಂಕಿಸುತ್ತಿಲ್ಲ. ಆದರೆ ಲಾಭ ಇರುವ ಕಡೆ ತೀರ್ಪು ಹೇಳುವ ಹೊಣೆ ಇರಬಾರದು.

ಎದುರು ವಾದವೂ ಹಗುರವಾದದ್ದಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಕೀರ್ತಿ ಬರುತ್ತದೆ, ಜೂನಿಯರ್ ಲೀಗ್‌ನ ಪ್ರತಿಭಾವಂತ ಹುಡುಗರು ಆ ಕಾಲೇಜಿನತ್ತ ತಿರುಗುತ್ತಾರೆ, ಶಿಕ್ಷೆಯ ಬಿಸಿ ಆರುತ್ತದೆ ಎನ್ನುತ್ತಾರೆ. ನಿಯಮ ಪಾಲಿಸಿದ ಇಪ್ಪತ್ತೊಂದನೆಯ ತಂಡ ಪಟ್ಟಿಯಿಂದ ಹೊರಗುಳಿಯುತ್ತದೆ ಎನ್ನುತ್ತಾರೆ. ಈ ಎರಡನೆಯ ಮಾತು ನನ್ನನ್ನು ತುಂಬಾ ಕಾಡಿದೆ. ಆದರೆ ಆ ತಂಡ ಹೊರಗುಳಿದದ್ದು ತನಗಿಂತ ಚೆನ್ನಾಗಿ ಆಡಿದ ಇಪ್ಪತ್ತು ತಂಡಗಳು ಇದ್ದದ್ದರಿಂದ. ಇನ್ನೊಂದು ಮಾತೂ ಇದೆ. ನಿಷೇಧಿತ ತಂಡವನ್ನು ಸೋಲಿಸಿದವರ ಗತಿಯೇನು? ಬಲವಾದ ಎದುರಾಳಿಯನ್ನು ಅದರ ಊರಿನಲ್ಲೇ ಎರಡು ರಾತ್ರಿ ಮಣಿಸಿ ಬಂದ ತಂಡಕ್ಕೆ, ನೀವು ಗೆದ್ದದ್ದು ಪಟ್ಟಿಯಲ್ಲೇ ಇಲ್ಲದವರ ಮೇಲೆ ಎಂದು ಹೇಳಿದರೆ ಅದೂ ಅನ್ಯಾಯವೇ.

ಒಂದು ಸಂದರ್ಭದಲ್ಲಿ ಮಾತ್ರ ನಾನು ಹೆಸರು ಬಿಡಲು ಸಿದ್ಧ. ಈ ಋತುವಿನಲ್ಲೇ ಅನರ್ಹರು ಆಡುತ್ತಿದ್ದಾರೆ ಎಂದು ಸಾಬೀತಾದರೆ, ಆ ಗೆಲುವುಗಳೇ ನಿಜವಲ್ಲ. ಆಗ ಅಳೆಯಲು ಏನೂ ಉಳಿಯುವುದಿಲ್ಲ. ಉಳಿದೆಲ್ಲ ಸಂದರ್ಭಗಳಲ್ಲೂ ಹೆಸರು ಇರಲಿ, ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು ಹಾಕಿ, ಟೂರ್ನಿಗೆ ಅರ್ಹತೆಯಿಲ್ಲ ಎಂದು ಕೆಳಗೆ ಬರೆಯಲಿ.

ಯಾವ ತಪ್ಪೂ ಮಾಡದೆ ಹೊರಗುಳಿಯುವವರೂ ಇದ್ದಾರೆ. ಮಿನ್ನೆಸೋಟದ ಸೇಂಟ್ ಥಾಮಸ್ ವಿಶ್ವವಿದ್ಯಾಲಯ ಎದುರಾಳಿಗಳ ಕೈಗೆ ಸಿಗದಷ್ಟು ಬಲವಾಗಿದೆ ಎಂದು ಅದರ ಹಳೆಯ ಲೀಗ್ 2019ರಲ್ಲಿ ಹೊರಹಾಕಲು ತೀರ್ಮಾನಿಸಿತು. 2021ರಲ್ಲಿ ಅದು ಮೂರನೇ ದರ್ಜೆಯಿಂದ ನೇರವಾಗಿ ಮೊದಲ ದರ್ಜೆಗೆ ಏರಿತು. ಹಾಗೆ ಏರಿದವರು ಕೆಲವು ವರ್ಷ ರಾಷ್ಟ್ರೀಯ ಟೂರ್ನಿಗೆ ಹೋಗುವಂತಿಲ್ಲ. 2025ರ ಮಾರ್ಚ್‌ನಲ್ಲಿ ಈ ತಂಡ ಸಿಸಿಎಚ್‌ಎ ಲೀಗ್‌ನ ಫೈನಲ್ ತಲುಪಿ ಮಿನ್ನೆಸೋಟ ಸ್ಟೇಟ್ ಎದುರು ಸೋತಿತು. ಗೆದ್ದಿದ್ದರೂ ಮುಂದೆ ಹೋಗುವ ದಾರಿ ಇರಲಿಲ್ಲ. ಅರ್ಹತೆ ಬಂದದ್ದು ಮುಂದಿನ ಋತುವಿಗೆ. ಅಷ್ಟರಲ್ಲಿ ಕೊನೆಯ ವರ್ಷದ ಹುಡುಗರು ಪದವಿ ಪಡೆದು ಕಾಲೇಜು ಬಿಟ್ಟಿದ್ದರು. ನಾಲ್ಕು ವರ್ಷ ಆಡಿದ ಅವರಿಗೆ, ತಾವು ದೇಶದಲ್ಲಿ ಎಷ್ಟನೆಯವರು ಎಂದು ಹೊರಗಿನವರು ಹೇಳಬಹುದಾಗಿದ್ದ ಜಾಗ ಆ ಇಪ್ಪತ್ತು ಸಾಲುಗಳ ಪಟ್ಟಿಯೊಂದೇ.