ಕುಂಬಳೆ ಹೊಳೆಬದಿಯ ಕಾಟೇಜು: ರೂಮು ಚಂದ, ನೀರು ಉಪ್ಪು

ಗೇಟು, ಅಂಗಳ, ಹೆಂಚಿನ ಮಾಡು, ಎಲ್ಲ ಈ ಕ್ಲಿಪ್ಪಿನಲ್ಲಿ ನೀವೇ ನೋಡುತ್ತಿದ್ದೀರಿ. ತೆಂಗಿನ ಸಾಲಿನ ಆಚೆ ಕಾಣುವುದೇ ಕುಂಬಳೆ ಹೊಳೆ. ಜಾಗ ಚಂದ ಉಂಟು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಬಚ್ಚಲಿನ ಕಥೆ ಹೇಳಲೇಬೇಕು. ಮುಖಕ್ಕೆ ಸೋಪು ಹಚ್ಚಿದರೆ ನೊರೆಯೇ ಇಲ್ಲ. ಒಡೆದ ಹಾಲಿನ ಹಾಗೆ ಬಿಳಿ ಬಿಳಿಯಾಗಿ ಕೆನ್ನೆಗೆ ಅಂಟಿಕೊಂಡಿತು. ಬಾಯಿಗೆ ಎರಡು ಹನಿ ಹೋಯಿತು ನೋಡಿ, ಉಪ್ಪು! ಕಾಟೇಜು ನೋಡಿಕೊಳ್ಳುವ ಅಣ್ಣನನ್ನು ಕೇಳಿದೆ. "ಎಪ್ರಿಲಲ್ಲಿ ಹೀಗೇ ಮಾರಾಯ್ರೆ, ಹೊಳೆಯಲ್ಲಿ ನೀರಿಲ್ಲ, ಸಮುದ್ರ ಮೇಲೆ ಬರ್ತದೆ" ಎಂದರು. ಸರಿಯೇ. ಹೊಳೆ ಸಮುದ್ರ ಸೇರುವ ಅಳಿವೆ ಹತ್ತಿರ. ಹೊಳೆ ಸೊರಗಿದಾಗ ಭರತದ (ಸಮುದ್ರದ ಉಬ್ಬರದ) ನೀರು ಒಳಗೆ ನುಗ್ಗುತ್ತದೆ, ದಡದ ಬಾವಿಗಳೂ ಉಪ್ಪಾಗುತ್ತವೆ. ಅದು ಹೊಳೆಯ ತಪ್ಪಲ್ಲ. ಆದರೆ ಬುಕಿಂಗ್ ಮಾಡುವಾಗ ಕಾಟೇಜಿನವರು ಬಾಯಿ ಬಿಡಬಹುದಿತ್ತು, ಅಲ್ವಾ? ಹೊಳೆ ಕಾಣುವ ರೂಮು ಅಂತ 800 ರೂಪಾಯಿ ಜಾಸ್ತಿ ಬೇರೆ. ಸಿಹಿನೀರು ಬೇಕಾದರೆ ಬಕೆಟಿಗೆ 30. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವ ಸೀಮೆ ಇದು. ಇಲ್ಲಿ ನೀರಿಗೆ ದುಡ್ಡಾ?

ಆ ಸಿಹಿನೀರು ಬರುವುದು ಇಲ್ಲಿಂದ. ಗುಡ್ಡದ ಬದಿಯ ಮನೆಯವರ ಸುರಂಗ. ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡವನ್ನು ಅಡ್ಡಕ್ಕೆ ಕೊರೆದದ್ದು, ಒಬ್ಬರು ಬಗ್ಗಿ ಹೋಗುವಷ್ಟೇ ಜಾಗ. ಕಾಸರಗೋಡಿನ ತೋಟಗಳು ಎಷ್ಟೋ ಕಡೆ ಇದರಿಂದಲೇ ಉಳಿದಿವೆ. ಪಂಪಿಲ್ಲ, ಕರೆಂಟಿಲ್ಲ. ಕಲ್ಲಿನ ಸಂದಿಯಲ್ಲಿ ಜಿನುಗಿದ್ದು ತನ್ನಷ್ಟಕ್ಕೆ ಇಳಿದು ಬರುತ್ತದೆ. ಒಂದು ಬೊಗಸೆ ಕುಡಿದೆ, ಹಲ್ಲು ಜುಮ್ಮೆಂದಿತು. 30 ರೂಪಾಯಿ ಹೋಗಲಿ ಬಿಡಿ. ಆ 800 ಮಾತ್ರ ಸುಮ್ನೆ ದಂಡ.

ಬೆಳಿಗ್ಗೆಯ ನೀರುದೋಸೆ ಚೆನ್ನಾಗಿತ್ತು. ಮುಂದೆ.

ಇದು ಗೋಪಾಲಕೃಷ್ಣ ದೇವಸ್ಥಾನ. ಅಡೂರು, ಮಧೂರು, ಕಾವು, ಕಣಿಯಾರ ಅಂತ ಕುಂಬಳೆ ಸೀಮೆಗೆ ನಾಲ್ಕು ಮುಖ್ಯ ದೇವಸ್ಥಾನ, ಕಣಿಯಾರ ಅಂದರೆ ಇದೇ. ಯಕ್ಷಗಾನದ ರಾಮಾಯಣ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರೂ ಇದೇ. ರಾಮಾಯಣದ ಆಟ ನೋಡುತ್ತಾ ಚಾಪೆಯಲ್ಲೇ ನಿದ್ದೆ ಹೋದವರು ಎಷ್ಟು ಜನ ಇದ್ದೀರಿ? ನಾನಂತೂ ರಾವಣ ಬರುವವರೆಗೆ ಏಳುತ್ತಿರಲಿಲ್ಲ. ರಾವಣನ ಅಬ್ಬರಕ್ಕೆ ಎಚ್ಚರ, ಆಮೇಲೆ ನೇರ ಚಹಾದ ಅಂಗಡಿಗೆ. ಆ ಅಂಗಡಿಯ ಗೋಳಿಬಜೆ ಇತ್ತಲ್ಲ... ಅರೆ, ಅನಂತಪುರ ಬಂದೇ ಬಿಟ್ಟಿತು.

ಕೆರೆಯ ನಡುವೆ ಗುಡಿ. ಇಲ್ಲಿದ್ದ ಮೊಸಳೆ ಬಬಿಯಾ 2022ರಲ್ಲಿ ತೀರಿಕೊಂಡಿತು. ಮರುವರ್ಷವೇ ಇನ್ನೊಂದು ಕಾಣಿಸಿಕೊಂಡಿತು. ಅದು ನಮಗೆ ಮುಖ ತೋರಿಸಲಿಲ್ಲ. ಆ ಕಲ್ಲಿನ ಹತ್ತಿರ ಏನೋ ಅಲುಗಾಡಿತಲ್ಲ, ಅದೇ ಇರಬೇಕು... ಛೆ, ಆಮೆ. ಬಸ್ಸು ಹಾರ್ನ್ ಹೊಡೆಯುತ್ತಿದೆ, ಕ್ಲಿಪ್ಪು ಇಷ್ಟೇ.