ಗೆಳೆಯರ ಹಾಕಿ ಲೀಗ್: ತಂಡದ ಚರಿತ್ರೆ ಯಾರಿಗೆ ಸೇರಿದ್ದು?

ಎಲ್ಲರಿಗೂ ನಮಸ್ಕಾರ. ರಜೆಯ ದಿನ ಬಿಡುವು ಮಾಡಿಕೊಂಡು ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ನಿಮ್ಮಲ್ಲಿ ಸುಮಾರು ಜನ ನಮ್ಮ ಲೀಗಿನವರೇ. ಉಳಿದವರಿಗಾಗಿ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ.

ಫ್ಯಾಂಟಸಿ ಲೀಗ್ ಅಂದ ಕೂಡಲೇ ಈಗ ಎಲ್ಲರಿಗೂ ಕ್ರಿಕೆಟ್ಟು, ದುಡ್ಡು ಕಟ್ಟಿಸಿಕೊಳ್ಳುತ್ತಿದ್ದ ಆ್ಯಪ್‌ಗಳು ನೆನಪಾಗುತ್ತವೆ. ನಮ್ಮದು ಆ ಬಗೆಯದಲ್ಲ. ಇಲ್ಲಿ ದುಡ್ಡಿನ ಮಾತೇ ಇಲ್ಲ. ನಾವು ಆಡುವುದು ಐಸ್ ಹಾಕಿಯ ಮೇಲೆ. ಅಮೆರಿಕ, ಕೆನಡಾಗಳಲ್ಲಿ ನಡೆಯುವ ಎನ್‌ಎಚ್‌ಎಲ್ ಎಂಬ ಐಸ್ ಹಾಕಿ ಲೀಗಿನ ಆಟಗಾರರನ್ನು ಸೀಸನ್ನಿಗೆ ಮುಂಚೆ ಸರದಿಯಂತೆ ಆರಿಸಿಕೊಳ್ಳುತ್ತೇವೆ. ಒಬ್ಬರು ಆರಿಸಿದ ಆಟಗಾರ ಇನ್ನೊಬ್ಬರಿಗಿಲ್ಲ. ಅಲ್ಲಿ ಅವನು ಗೋಲು ಹೊಡೆದರೆ, ಅಸಿಸ್ಟ್ ಅಂದರೆ ಗೋಲಾಗುವ ಪಾಸ್ ಕೊಟ್ಟರೆ, ಗೋಲಿ ಅಂದರೆ ಗೋಲ್‌ಕೀಪರ್ ಪಂದ್ಯ ಗೆಲ್ಲಿಸಿದರೆ ಇಲ್ಲಿ ನಮ್ಮ ತಂಡಕ್ಕೆ ಪಾಯಿಂಟ್. ಹೋದ ವರ್ಷದ ಕೆಲವು ಆಟಗಾರರನ್ನು ರಿಟೇನ್ ಮಾಡಿಕೊಳ್ಳಬಹುದು, ಅಂದರೆ ನಮ್ಮಲ್ಲೇ ಉಳಿಸಿಕೊಳ್ಳಬಹುದು. ಈ ರಿಟೇನ್ ನಿಯಮವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಇವತ್ತಿನ ನನ್ನ ವಾದ ಅದರ ಮೇಲೇ ನಿಂತಿದೆ.

ಇಂಥ ಆಟಕ್ಕೆ ಹೆಸರು ಬಂದದ್ದು 1980ರಲ್ಲಿ. ನ್ಯೂಯಾರ್ಕಿನಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಬರಹಗಾರರು ಗೆಳೆಯರನ್ನು ಸೇರಿಸಿ ಒಂದು ಬೇಸ್‌ಬಾಲ್ ಲೀಗ್ ಕಟ್ಟಿದರು. ಅವರು ಸೇರುತ್ತಿದ್ದ ಹೋಟೆಲಿನ ಹೆಸರೇ ಲೀಗಿಗೂ ಬಂತು, ರೋಟಿಸರಿ ಅಂತ. ಕೆನಡಾದ ಆಫೀಸುಗಳಲ್ಲಿ ಹಾಕಿ ಪೂಲ್ ಅಂತ ಇಂಥದೇ ಆಟಗಳು ನಡೆಯುತ್ತಿದ್ದವು. ಅಲ್ಲೊಂದು ವಿಚಿತ್ರ ಸಮಸ್ಯೆ ಎದ್ದಿತ್ತು. ವೇಯ್ನ್ ಗ್ರೆಟ್ಸ್‌ಕಿ ಎಂಬ ಎನ್‌ಎಚ್‌ಎಲ್ ಆಟಗಾರರು 1985-86ರ ಸೀಸನ್ನಿನಲ್ಲಿ 215 ಪಾಯಿಂಟ್ ಗಳಿಸಿದರು. ಅದರಲ್ಲಿ 163 ಬರೀ ಅಸಿಸ್ಟ್‌ಗಳು. ಎರಡನೇ ಸ್ಥಾನದ ಮಾರಿಯೊ ಲೆಮ್ಯೂ ಅವರ ಗೋಲು, ಅಸಿಸ್ಟ್ ಎಲ್ಲ ಕೂಡಿಸಿದರೂ 141. ಗ್ರೆಟ್ಸ್‌ಕಿ ಯಾರ ಪಾಲಿಗೆ ಬಂದರೋ ಅವರೇ ಗೆದ್ದ ಹಾಗೆ. ಅದಕ್ಕೆ ಎಷ್ಟೋ ಪೂಲ್‌ಗಳಲ್ಲಿ ಅವರನ್ನು ಇಬ್ಬರಾಗಿ ಹಂಚುತ್ತಿದ್ದರು. ಒಬ್ಬರಿಗೆ ಗ್ರೆಟ್ಸ್‌ಕಿಯ ಗೋಲುಗಳು, ಇನ್ನೊಬ್ಬರಿಗೆ ಅಸಿಸ್ಟ್‌ಗಳು. ಗೆಳೆತನ ಉಳಿಯಬೇಕಾದರೆ ನಿಯಮವೂ ಬಗ್ಗಬೇಕು ಅಂತ ಅವರಿಗೆ ಗೊತ್ತಿತ್ತು.

ಇನ್ನು ಬೆಂಗಳೂರಿಗೆ ಬರೋಣ. ಐಸೇ ಇಲ್ಲದ ಊರಿನಲ್ಲಿ ಐಸ್ ಹಾಕಿ ಯಾಕೆ ಅಂತ ಸುಮಾರು ಜನ ಕೇಳುತ್ತಾರೆ. ನಮ್ಮಲ್ಲಿ ಕೆಲವರು ಕೆಲಸದ ಮೇಲೆ ಟೊರೊಂಟೊ, ಬಾಸ್ಟನ್‌ಗಳಲ್ಲಿ ಇದ್ದು ಬಂದವರು. ಉಳಿದವರು ಇಲ್ಲೇ ನೈಟ್ ಶಿಫ್ಟ್ ಮಾಡುತ್ತಾ ಆ ದೇಶದ ಗಡಿಯಾರಕ್ಕೆ ಹೊಂದಿಕೊಂಡವರು. ಅಲ್ಲಿ ಚಳಿಗಾಲದಲ್ಲಿ ಸಂಜೆ 7ಕ್ಕೆ ಪಂದ್ಯ ಶುರುವಾದರೆ ಇಲ್ಲಿ ಬೆಳಗಿನ ಜಾವ 5.30. ಶಿಫ್ಟ್ ಮುಗಿಸಿ ಕ್ಯಾಬ್ ಇಳಿದವರಿಗೆ ಮಲಗುವ ಮೊದಲು ಸ್ಕೋರ್ ನೋಡುವುದು ಅಭ್ಯಾಸವಾಯಿತು. ನಮ್ಮ ಲೀಗ್ ಹುಟ್ಟಿದ್ದು ಹೀಗೆ, 2005ರಲ್ಲಿ.

ಆ ವರ್ಷವೇ ಯಾಕೆ ಅಂದರೆ, ಅದರ ಹಿಂದಿನ ಸೀಸನ್ ನಡೆದೇ ಇರಲಿಲ್ಲ. ಮಾಲೀಕರಿಗೂ ಆಟಗಾರರಿಗೂ ಸಂಬಳದ ಮಿತಿಯ ವಿಷಯದಲ್ಲಿ ಒಪ್ಪಂದವಾಗದೆ 2004-05ರ ಇಡೀ ಸೀಸನ್ ರದ್ದಾಗಿತ್ತು. ಮಾಲೀಕರು ಹಾಕಿದ್ದ ಆ ಬೀಗ, ಅಂದರೆ ಲಾಕೌಟ್, ತೆಗೆದ ಮೇಲೆ ಎಲ್ಲವೂ ಹೊಸದು. ಮುಂದೆ ದೊಡ್ಡ ಹೆಸರು ಮಾಡಿದ ಓವೆಚ್ಕಿನ್, ಕ್ರಾಸ್ಬಿ ಇಬ್ಬರೂ ಒಂದೇ ಸೀಸನ್ನಿನಲ್ಲಿ ಕಾಲಿಟ್ಟರು. ಹೊಸ ಲೀಗ್ ಕಟ್ಟಲು ಅದಕ್ಕಿಂತ ಒಳ್ಳೆ ವರ್ಷ ಇರಲಾರದು, ಅಲ್ವಾ?

ತಂಡಗಳಿಗೆ ಬಡಾವಣೆಯ ಹೆಸರಿಟ್ಟೆವು. ಯಾರು ಎಲ್ಲಿದ್ದರೋ ಅದೇ ತಂಡದ ಹೆಸರು. ಬಸವನಗುಡಿ ಓವೆಚ್ಕಿನ್‌ರನ್ನು ಆರಿಸಿತು. ವಿಜಯನಗರಕ್ಕೆ ಜೋ ಥಾರ್ನ್‌ಟನ್ ಸಿಕ್ಕರು. ಮಲ್ಲೇಶ್ವರ ಕೊನೆಕೊನೆಯ ಸುತ್ತಿನಲ್ಲಿ ಜೊನಾಥನ್ ಚೀಚೂ ಎಂಬ ಆಟಗಾರರನ್ನು ತೆಗೆದುಕೊಂಡಿತು. ಆಗ ಯಾರೂ ಅದನ್ನು ದೊಡ್ಡದಾಗಿ ಗಮನಿಸಲಿಲ್ಲ. ನವೆಂಬರ್ ಕೊನೆಯಲ್ಲಿ ಬಾಸ್ಟನ್ ತಂಡ ಥಾರ್ನ್‌ಟನ್‌ರನ್ನು ಸ್ಯಾನ್ ಹೊಸೆಗೆ ಕೊಟ್ಟುಬಿಟ್ಟಿತು. ಅಲ್ಲಿ ಅವರ ಪಕ್ಕದಲ್ಲಿ ಆಡಿದವರು ಇದೇ ಚೀಚೂ. ಥಾರ್ನ್‌ಟನ್ ಪಾಸ್ ಕೊಡುವುದು, ಚೀಚೂ ಗೋಲು ಹೊಡೆಯುವುದು. ಸೀಸನ್ ಮುಗಿದಾಗ ಥಾರ್ನ್‌ಟನ್ 125 ಪಾಯಿಂಟ್‌ಗಳೊಂದಿಗೆ ಇಡೀ ಎನ್‌ಎಚ್‌ಎಲ್‌ಗೆ ಮೊದಲಿಗರು. ಚೀಚೂ 56 ಗೋಲು ಹೊಡೆದು ಗೋಲುಗಳಲ್ಲಿ ಮೊದಲಿಗರು. ನಮ್ಮ ಮೊದಲ ಕಪ್ ಮಲ್ಲೇಶ್ವರಕ್ಕೆ ಹೋಯಿತು. ಥಾರ್ನ್‌ಟನ್ ಇದ್ದ ವಿಜಯನಗರ ಕೊನೆಯ ಸ್ಥಾನಕ್ಕೆ ಹೋಯಿತು. ಉಳಿದ ಆಟಗಾರರಿಂದ ಏನೂ ಬರಲಿಲ್ಲ. ಆದರೆ ಆ ಕಪ್ಪಿನ ಕಥೆ ವಿಜಯನಗರದ ಕಥೆಯೂ ಹೌದು. ಗೆದ್ದವರ ಹೆಸರನ್ನಷ್ಟೇ ಬರೆದಿಟ್ಟರೆ ಆ ಅರ್ಧ ಕಳೆದುಹೋಗುತ್ತದೆ. ಅದಕ್ಕೇ ನಮ್ಮ ದಾಖಲೆಯಲ್ಲಿ ಕೊನೆಯ ಸ್ಥಾನದವರ ಪೂರ್ತಿ ಪಟ್ಟಿಯೂ ಇರಬೇಕು ಅಂತ ನಾನು ಹಠ ಹಿಡಿಯುವುದು.

ಶಾಂತಿನಗರ ತಂಡದ ರೀತಿಯೇ ಬೇರೆ. ಆ ತಂಡದ ಗೆಳೆಯರು ಕೊಡಗಿನವರು. ಅಕ್ಕಿತಿಮ್ಮನಹಳ್ಳಿಯ ಹಾಕಿ ಸ್ಟೇಡಿಯಂ ಮನೆಗೆ ಹತ್ತಿರ. ಅವರು ಪ್ರತಿ ವರ್ಷವೂ ಮೊದಲು ಆರಿಸುವುದು ಗೋಲಿಯನ್ನೇ. ಭಾರತದ ಗೋಲಿಯಾಗಿದ್ದ ಎ.ಬಿ. ಸುಬ್ಬಯ್ಯನವರ ಆಟ ನೋಡಿ ಬೆಳೆದವರು ಅವರು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲಿನಲ್ಲಿ ಕೊರಿಯಾದವರ ಪೆನಾಲ್ಟಿ ಸ್ಟ್ರೋಕುಗಳನ್ನು ಆಶಿಷ್ ಬಲ್ಲಾಳ್ ತಡೆದದ್ದನ್ನು ಇವತ್ತಿಗೂ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಾರೆ. ಗೋಲಿ ಗಟ್ಟಿಯಾಗಿದ್ದರೆ ಉಳಿದದ್ದು ಆಮೇಲೆ ಅನ್ನುವುದು ಅವರ ನಂಬಿಕೆ. 2006-07ರಲ್ಲಿ ಅವರ ಗೋಲಿ ಮಾರ್ಟಿನ್ ಬ್ರೊಡೂರ್ 48 ಪಂದ್ಯ ಗೆದ್ದು ದಾಖಲೆ ಮಾಡಿದರು. ಆ ವರ್ಷ ಕಪ್ ಶಾಂತಿನಗರಕ್ಕೆ. ಇಲ್ಲಿನ ಹುಲ್ಲಿನ ಹಾಕಿ ಅಲ್ಲಿನ ಐಸ್ ಹಾಕಿಯ ಆಯ್ಕೆಯನ್ನು ನಿರ್ಧರಿಸಿತು. ನಮ್ಮ ಲೀಗಿನಲ್ಲಿ ನನಗೆ ತುಂಬಾ ಇಷ್ಟವಾಗುವ ವಿಷಯ ಇದು.

ದೊಡ್ಡ ಜಗಳ ಶುರುವಾದದ್ದು 2011ರಲ್ಲಿ. ಮಲ್ಲೇಶ್ವರದ ಗೆಳೆಯರು ಮನೆ ಬದಲಾಯಿಸಿ ವೈಟ್‌ಫೀಲ್ಡ್‌ಗೆ ಹೋದರು. ತಂಡದ ಹೆಸರೂ ಬದಲಾಗಬೇಕಾ? ಹಳೇ ಕಪ್ ವೈಟ್‌ಫೀಲ್ಡಿನದಾ, ಮಲ್ಲೇಶ್ವರದ್ದಾ? ಆಗಲೇ ಮಲ್ಲೇಶ್ವರದಲ್ಲಿ ಇನ್ನೊಬ್ಬ ಗೆಳೆಯರು ಹೊಸದಾಗಿ ಸೇರಲು ಕಾದಿದ್ದರು.

ಅದೇ ವರ್ಷ ಎನ್‌ಎಚ್‌ಎಲ್‌ನಲ್ಲೂ ಇದೇ ಪ್ರಶ್ನೆ. 1996ರಲ್ಲಿ ವಿನಿಪೆಗ್ ಜೆಟ್ಸ್ ತಂಡ ಊರು ಬಿಟ್ಟು ಫೀನಿಕ್ಸ್‌ಗೆ ಹೋಗಿ ಕಯೋಟೀಸ್ ಆಗಿತ್ತು. 2011ರಲ್ಲಿ ಅಟ್ಲಾಂಟಾದ ಥ್ರ್ಯಾಶರ್ಸ್ ವಿನಿಪೆಗ್‌ಗೆ ಬಂದು ಹಳೇ ಹೆಸರನ್ನೇ ಇಟ್ಟುಕೊಂಡಿತು. ಆದರೆ ಲೆಕ್ಕದಲ್ಲಿ ಹೊಸ ಜೆಟ್ಸ್ ಚರಿತ್ರೆ ಅಂದರೆ ಅಟ್ಲಾಂಟಾದ ಚರಿತ್ರೆ. ಹಳೇ ಜೆಟ್ಸ್‌ನ ಟೀಮು ಸೆಲಾನೆ ತಮ್ಮ ಮೊದಲ ಸೀಸನ್ನಿನಲ್ಲೇ ಹೊಡೆದ 76 ಗೋಲುಗಳು ವಿನಿಪೆಗ್ ಜನರ ಕಣ್ಣೆದುರಿಗೇ ಆದದ್ದು. ಆದರೂ ಆ ದಾಖಲೆ ಮರುಭೂಮಿಯ ತಂಡವಾದ ಕಯೋಟೀಸ್ ಪುಸ್ತಕಕ್ಕೆ ಹೋಯಿತು. 2024ರಲ್ಲಿ ಇನ್ನೂ ಗೋಜಲಾಯಿತು. ಅಷ್ಟರಲ್ಲಿ ಅರಿಜೋನಾ ಅನ್ನಿಸಿಕೊಂಡಿದ್ದ ಆ ಕಯೋಟೀಸ್ ಆಟಗಾರರೆಲ್ಲ ಯೂಟಾಗೆ ಹೋದರು. ಆದರೆ ಯೂಟಾವನ್ನು ಹೊಸ ತಂಡ ಅಂತಲೇ ಎಣಿಸಿದರು. ಆಟಗಾರರು ಒಂದು ಕಡೆ, ಚರಿತ್ರೆ ಇನ್ನೊಂದು ಕಡೆ. ನನಗೆ ಇದು ಸರಿ ಅನ್ನಿಸುವುದಿಲ್ಲ.

ನಾವು ಮಾಡಿಕೊಂಡ ತೀರ್ಮಾನ ಬೇರೆ. ಚರಿತ್ರೆ ಹೆಸರಿನ ಜೊತೆಗೂ ಇಲ್ಲ, ಯಜಮಾನರ ಜೊತೆಗೂ ಇಲ್ಲ. ರಿಟೇನ್ ಆದ ಆಟಗಾರರ ಜೊತೆ ಹೋಗುತ್ತದೆ. ಈ ವರ್ಷದ ಪಟ್ಟಿಯಲ್ಲಿ ಹೋದ ವರ್ಷದವರು ಇದ್ದಾರೆ ಅಂದರೆ ಅದು ಅದೇ ತಂಡ. ಆ ಸರಪಳಿ ಕಡಿಯುವವರೆಗೆ ಹೆಸರು ಏನಾದರೂ ಆಗಲಿ. ಹಾಗಾಗಿ 2006ರ ಕಪ್ ವೈಟ್‌ಫೀಲ್ಡ್‌ಗೆ ಹೋಯಿತು. ಹೊಸ ಮಲ್ಲೇಶ್ವರ ಸೊನ್ನೆಯಿಂದ ಶುರು ಮಾಡಿತು.

ಇದನ್ನು ಬರೆದಿಡಬೇಕು ಅಂತ ನಾನು ಇಷ್ಟು ಒತ್ತಿ ಹೇಳುವುದಕ್ಕೆ ನಮ್ಮ ಊರಿನ ಹಾಕಿಯೇ ಕಾರಣ. 2005ರಿಂದ 2008ರವರೆಗೆ ಪ್ರೀಮಿಯರ್ ಹಾಕಿ ಲೀಗ್ ಇತ್ತು. ಅದರಲ್ಲಿ ಬೆಂಗಳೂರು ಹೈ-ಫ್ಲೈಯರ್ಸ್ ಇತ್ತು. ಲೀಗ್ ನಿಂತಿತು, ತಂಡವೂ ಹೋಯಿತು. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂತು. ಅರ್ಜುನ್ ಹಾಲಪ್ಪ ನಾಯಕರಾಗಿ ಕರ್ನಾಟಕ ಲಯನ್ಸ್ ಆಡಿತು. ಒಂದೇ ಸೀಸನ್. 2013ರ ಜನವರಿಯಲ್ಲಿ ಹಾಕಿ ಇಂಡಿಯಾ ಲೀಗ್ ಶುರುವಾದಾಗ ಕರ್ನಾಟಕದ ತಂಡವೇ ಇರಲಿಲ್ಲ. ನಮ್ಮ ವಿ.ಆರ್. ರಘುನಾಥ್ ಉತ್ತರ ಪ್ರದೇಶಕ್ಕೆ, ಎಸ್.ವಿ. ಸುನಿಲ್ ಪಂಜಾಬಿಗೆ ಆಡಿದರು. 2017ರ ನಂತರ ನಿಂತ ಆ ಲೀಗ್ 2024ರ ಡಿಸೆಂಬರಿನಲ್ಲಿ ಮರಳಿ ಬಂದಾಗಲೂ ಬೆಂಗಳೂರಿನ ಹೆಸರಿನ ತಂಡ ಇರಲಿಲ್ಲ. ಇಷ್ಟೊಂದು ಆಟಗಾರರನ್ನು ಕೊಟ್ಟ ರಾಜ್ಯ ಇದು. ಹೈ-ಫ್ಲೈಯರ್ಸ್‌ಗೆ ಆಡಿದವರ ಪಟ್ಟಿಯನ್ನು ಈಗಿನ ಹುಡುಗರನ್ನು ಕೇಳಿ ನೋಡಿ. ನನಗೆ ನಿಜಕ್ಕೂ ಬೇಜಾರಾಗುತ್ತದೆ.

2013ರ ಅದೇ ಜನವರಿಯಲ್ಲಿ ಎನ್‌ಎಚ್‌ಎಲ್ ಇನ್ನೊಂದು ಬೀಗ ತೆಗೆದು 48 ಪಂದ್ಯಗಳ ಚಿಕ್ಕ ಸೀಸನ್ ಶುರುಮಾಡಿತು. ಕಾಯುತ್ತಿದ್ದ ದಿನಗಳಲ್ಲಿ ನಾವು ಹಾಕಿ ಇಂಡಿಯಾ ಲೀಗಿನ ಮೇಲೂ ಒಂದು ಆಟ ಕಟ್ಟಿದೆವು. ಗೋಲು ಬಿಟ್ಟರೆ ಬೇರೆ ಲೆಕ್ಕ ನಮಗೆ ಸಿಗುತ್ತಿರಲಿಲ್ಲ. ಹಾಗಾಗಿ ಪೆನಾಲ್ಟಿ ಕಾರ್ನರ್ ಹೊಡೆಯುವವರಿಗೇ ಬೆಲೆ ಜಾಸ್ತಿ. ಅತಿ ಹೆಚ್ಚು ಗೋಲು ಹೊಡೆದ ಸಂದೀಪ್ ಸಿಂಗ್ ಇದ್ದದ್ದು ಕೊನೆಯ ಸ್ಥಾನದ ಮುಂಬೈ ತಂಡದಲ್ಲಿ. ನಮ್ಮಲ್ಲಿ ಅವರನ್ನು ಆರಿಸಿದ್ದವರು ವಿಜಯನಗರದವರು, ಮತ್ತು ಆ ಸಲ ಅವರು ಗೆದ್ದರು. ಅದೂ ದಾಖಲೆಯಲ್ಲಿದೆ.

2020ರ ಮಾರ್ಚ್ 12ಕ್ಕೆ ಕೋವಿಡ್‌ನಿಂದ ಎನ್‌ಎಚ್‌ಎಲ್ ನಿಂತಿತು. ನಮ್ಮ ಕೊನೆಯ ಸುತ್ತು ನಡೆಯಲೇ ಇಲ್ಲ. ಮುಂದಿದ್ದವರಿಗೆ ಕಪ್ ಕೊಡಿ ಅಂದರು ಕೆಲವರು. ಆ ವರ್ಷವನ್ನೇ ಬಿಟ್ಟುಬಿಡೋಣ ಅಂದರು ಇನ್ನು ಕೆಲವರು. ನಾನು ಎನ್‌ಎಚ್‌ಎಲ್ ಗೆದ್ದವರಿಗೆ ಕೊಡುವ ಸ್ಟ್ಯಾನ್ಲಿ ಕಪ್ಪನ್ನು ನೆನಪಿಸಿದೆ. 1919ರಲ್ಲಿ ಇನ್‌ಫ್ಲುಯೆಂಜಾದಿಂದ ಫೈನಲ್ ಅರ್ಧಕ್ಕೆ ನಿಂತಿತ್ತು. ಮಾಂಟ್ರಿಯಲ್ ತಂಡದ ಜೋ ಹಾಲ್ ತೀರಿಹೋದರು. ಕಪ್ಪಿನ ಮೇಲೆ ಎರಡೂ ತಂಡಗಳ ಹೆಸರು ಕೆತ್ತಿ, ಸರಣಿ ಮುಗಿಯಲಿಲ್ಲ ಅಂತ ಬರೆದಿದ್ದಾರೆ. 2004-05ರ ಜಾಗದಲ್ಲೂ ಸೀಸನ್ ಆಡಲಿಲ್ಲ ಅಂತ ಕೆತ್ತಿದ್ದಾರೆ. ಖಾಲಿ ವರ್ಷವನ್ನೂ ಅವರು ಬಿಡಲಿಲ್ಲ. ನಾವೂ ಹಾಗೇ ಬರೆದೆವು.

ಬಸವನಗುಡಿಯ ಮಾತು ಬಾಕಿ ಇದೆ. ತಂಡ ಕಟ್ಟಿದ ಗೆಳೆಯರು 2010ರಲ್ಲಿ ಸಿಂಗಪುರಕ್ಕೆ ಹೋದರು. ಅವರ ತಂಗಿ ತಂಡ ವಹಿಸಿಕೊಂಡರು. ಅಣ್ಣ ಆರಿಸಿದ್ದ ಓವೆಚ್ಕಿನ್‌ರನ್ನು ಪ್ರತಿ ವರ್ಷ ರಿಟೇನ್ ಮಾಡಿದರು. ವಯಸ್ಸಾಯಿತು, ಬಿಟ್ಟುಬಿಡಿ ಅಂತ ನಾವೆಲ್ಲ ಹೇಳುತ್ತಿದ್ದೆವು. ಅವರು ಕೇಳಲಿಲ್ಲ. 2024ರ ನವೆಂಬರಿನಲ್ಲಿ ಓವೆಚ್ಕಿನ್ ಕಾಲಿನ ಮೂಳೆ ಮುರಿದಾಗಲೂ ಬಿಡಲಿಲ್ಲ. 39ನೇ ವಯಸ್ಸಿನಲ್ಲಿ ಆ ಸೀಸನ್ 44 ಗೋಲು ಬಂತು. 2025ರ ಏಪ್ರಿಲ್ 6ರಂದು 895ನೇ ಗೋಲು ಹೊಡೆದು ಓವೆಚ್ಕಿನ್ ಎನ್‌ಎಚ್‌ಎಲ್‌ನ ಒಟ್ಟು ಗೋಲುಗಳ ಲೆಕ್ಕದಲ್ಲಿ ಗ್ರೆಟ್ಸ್‌ಕಿಯನ್ನು ದಾಟಿದರು. ಇಲ್ಲಿ ಭಾನುವಾರ ರಾತ್ರಿ, ಎಲ್ಲರೂ ಎದ್ದೇ ಇದ್ದೆವು. ಮೊದಲನೇ ಗೋಲಿನಿಂದ ಆ ಗೋಲಿನವರೆಗೆ ಒಂದೇ ತಂಡದ ಪಟ್ಟಿಯಲ್ಲಿದ್ದ ಆಟಗಾರ ನಮ್ಮ ಲೀಗಿನಲ್ಲಿ ಇವರೊಬ್ಬರೇ. ಅಣ್ಣತಂಗಿ ಇಬ್ಬರ ಹೆಸರೂ ಆ ಸಾಲಿನಲ್ಲಿದೆ.

ಒಂದು ಕೋರಿಕೆ. 2008 ಮತ್ತು 2009ರ ಡ್ರಾಫ್ಟ್ ಪಟ್ಟಿಗಳು, ಅಂದರೆ ಯಾರು ಯಾರನ್ನು ಆರಿಸಿದರು ಅನ್ನುವ ಪಟ್ಟಿಗಳು, ನಮ್ಮ ಹತ್ತಿರ ಪೂರ್ತಿ ಇಲ್ಲ. ಆಗ ಕಾಗದದಲ್ಲಿ ಬರೆಯುತ್ತಿದ್ದೆವು. ಯಾರ ಮನೆಯಲ್ಲಾದರೂ ಹಳೇ ಡೈರಿ, ಫೈಲುಗಳಲ್ಲಿ ಸಿಕ್ಕರೆ ದಯವಿಟ್ಟು ಒಂದು ಫೋಟೋ ತೆಗೆದು ಕಳಿಸಿ. ವಿಜಯನಗರದ ಪಟ್ಟಿ ಮುಖ್ಯವಾಗಿ ಬೇಕು. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.