ಗೋಸುಂಬೆ ನಾಲಿಗೆ, ಸೊಳ್ಳೆ ಮತ್ತು ನಾನು

ಬೇಲಿ ಮೇಲೆ ಹಸಿರಾಗಿ ಕಾಣ್ತಿದೆಯಲ್ಲ, ಅದು ಎಲೆ ಅಲ್ಲ. ಗೋಸುಂಬೆ. ತುಮಕೂರು ಕಡೆ ನಮ್ಮ ಅತ್ತೆ ತೋಟ ಇದು. "ಮುಟ್ಟಬೇಡ ಕಣೋ, ವಿಷ!" ಅಂತ ಅತ್ತೆ ಅಲ್ಲಿಂದಲೇ ಕೂಗಿದರು. ವಿಷ ಗಿಷ ಏನೂ ಇಲ್ಲ. ಆದರೂ ನಾನು ಮುಟ್ಟಲಿಲ್ಲ, ಅದರ ಪಾಡಿಗೆ ಅದು ಇರಲಿ.

40 ನಿಮಿಷ ಕೂತೆ. ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಮಿಡತೆ ಮೇಲೆ. ಆಮೇಲೆ ಎರಡೂ ಕಣ್ಣು ಮಿಡತೆ ಕಡೆಗೇ ತಿರುಗಿದವು. ಬಾಯಿ ಸ್ವಲ್ಪ ತೆರೆಯಿತು, ನಾಲಿಗೆಯ ದಪ್ಪ ತುದಿ ಇಣುಕಿತು. ಅಷ್ಟರಲ್ಲಿ ಕೆನ್ನೆ ಮೇಲಿನ ಸೊಳ್ಳೆ ಹೊಡೆದುಕೊಂಡೆ. ತಿರುಗಿ ನೋಡಿದರೆ ಮಿಡತೆ ಇಲ್ಲ, ಗೋಸುಂಬೆ ಅಗಿಯುತ್ತಾ ಕೂತಿದೆ!

ಈಗ ನೋಡ್ತಿರೋದು ಮಾರನೇ ದಿನದ ಸ್ಲೋ ಮೋಷನ್. ಬಾಲ ಬಿಟ್ಟು ಮೈ ಎಷ್ಟು ಉದ್ದವೋ, ಅದಕ್ಕಿಂತ ಜಾಸ್ತಿ ದೂರ ಹೋಗುತ್ತೆ ಈ ನಾಲಿಗೆ. ಬರೀ ಸ್ನಾಯುವಿನ ಬಲಕ್ಕೆ ಇಷ್ಟು ವೇಗ ಬರೋದಿಲ್ಲ. ನಾಲಿಗೆ ಒಳಗೆ ಒಂದು ಮೂಳೆ ಕಡ್ಡಿ ಇದೆ. ಅದರ ಸುತ್ತ ಎಳೆದರೆ ಹಿಗ್ಗುವ ಪದರಗಳು, ಅದರ ಮೇಲೆ ಸ್ನಾಯು. ಸ್ನಾಯು ಹಿಂಡಿದಾಗ ಪದರಗಳು ಕ್ಯಾಟರ್‌ಬಿಲ್ಲಿನ ರಬ್ಬರಿನ ಹಾಗೆ ಬಿಗಿಯಾಗುತ್ತವೆ. ಆಮೇಲೆ ಹಸಿ ಹಲಸಿನ ಬೀಜ ಒತ್ತಿದರೆ ಬೆರಳಿಂದ ಜಾರಿ ಚಿಮ್ಮುತ್ತಲ್ವಾ, ಹಾಗೆ ಮೂಳೆಯ ತುದಿಯಿಂದ ನಾಲಿಗೆ ಚಿಮ್ಮುತ್ತೆ. ತುದಿಯ ಅಂಟು ನಮ್ಮ ಎಂಜಲಿಗಿಂತ ಸುಮಾರು 400 ಪಟ್ಟು ಗಟ್ಟಿ.

ಇದೆಲ್ಲ ಒಂದೇ ಸಲ ಬಂದಿದ್ದಲ್ಲ. ಕಾಂಪೌಂಡ್ ಮೇಲೆ ತಲೆ ಆಡಿಸೋ ಓತಿಕ್ಯಾತ ಇದರ ದಾಯಾದಿ. ಅದೂ ಹುಳವನ್ನು ನಾಲಿಗೆಗೆ ಅಂಟಿಸಿಕೊಂಡೇ ಎತ್ತುತ್ತೆ, ಆದರೆ ಹತ್ತಿರಕ್ಕೆ ಓಡಿ ಹೋಗಬೇಕು. ಹುಳದ ಹತ್ತಿರ ಹೋಗೋ ಕೆಲಸವನ್ನು ಗೋಸುಂಬೆ ನಾಲಿಗೆಗೇ ವಹಿಸಿಬಿಟ್ಟಿದೆ. ಸೋಮಾರಿತನ ಅಂದ್ರೆ ಹೀಗಿರಬೇಕು.

ನನಗೆ ತುಂಬಾ ಇಷ್ಟವಾದ ಕಥೆ ಮ್ಯಾನ್ಮಾರ್‌ದು. ಅಲ್ಲಿ ಸುಮಾರು 9.9 ಕೋಟಿ ವರ್ಷ ಹಳೆಯ ಅಂಬರ್‌ನಲ್ಲಿ, ಅಂದರೆ ಕಲ್ಲಾದ ಮರದ ಅಂಟಿನಲ್ಲಿ, ಒಂದು ಪುಟ್ಟ ಪ್ರಾಣಿ ಸಿಕ್ಕಿತ್ತು. ಚಿಮ್ಮುವ ನಾಲಿಗೆಯ ಮೂಳೆ ನೋಡಿ ಗೋಸುಂಬೆ ಅಂದುಕೊಂಡರು. ನೋಡಿದರೆ ಅದು ಹಲ್ಲಿಯ ಜಾತಿಯೇ ಅಲ್ಲ, ಕಪ್ಪೆಗಳ ದೂರದ ನೆಂಟ! ಸಂಬಂಧವೇ ಇಲ್ಲದ ಎರಡು ಕಡೆ ಒಂದೇ ಉಪಾಯ. 2020ರಲ್ಲಿ ಅದಕ್ಕೆ ಇಟ್ಟ ಹೆಸರು ಯಕ್ಷ. ನೆಲದೊಳಗಿನ ನಿಧಿ ಕಾಯುವವನು ಅಂತ.

ಇದು ಮೂರನೇ ದಿನ ಬೆಳಿಗ್ಗೆ, ಒಳ್ಳೆ ಚಳಿ. ನಾಲಿಗೆ ಚಿಮ್ಮೋದು ಹೆಚ್ಚುಕಮ್ಮಿ ಅದೇ ವೇಗ, ಬಿಗಿದ ರಬ್ಬರಿಗೆ ಚಳಿ ಏನು ಮಾಡುತ್ತೆ? ಆದರೆ ವಾಪಸ್ ಎಳೆಯೋದು ಸ್ನಾಯುವಿನ ಕೆಲಸ. ನೋಡಿ ಎಷ್ಟು ನಿಧಾನ... ಇನ್ನೂ ಬರ್ತಾ ಇದೆ... ಹಾಂ, ಬಂತು.